ಎರಡು ನಿಮಿಷದ ನಿಲುಗಡೆ: ದಾವಣಗೆರೆಯಿಂದ ಬೆಂಗಳೂರಿಗೆ ಯಾವ ಗಾಡಿ, ಯಾವ ಸೀಟು

ಬೆಂಗಳೂರಿಗೆ ಹೋಗುವ ಹೆಸರಾಂತ ಗಾಡಿ ಒಂದೂ ದಾವಣಗೆರೆಯಲ್ಲಿ ಹುಟ್ಟುವುದಿಲ್ಲ. ವಂದೇ ಭಾರತ್ ಧಾರವಾಡದಿಂದಲೋ ಬೆಳಗಾವಿಯಿಂದಲೋ ಬರುತ್ತದೆ, ಜನಶತಾಬ್ದಿ ಹುಬ್ಬಳ್ಳಿಯಿಂದ, ರಾಣಿ ಚೆನ್ನಮ್ಮ ಇನ್ನೂ ಆಚೆಯಿಂದ. ಬಂದು ಸಾಮಾನ್ಯವಾಗಿ ಎರಡು ನಿಮಿಷ ನಿಂತು ಹೊರಟುಬಿಡುತ್ತವೆ. ರೈಲು ಪ್ರಯಾಣದ ಬಗ್ಗೆ ಬರುವ ಹೆಚ್ಚಿನ ವಿಮರ್ಶೆಗಳು ಗಾಡಿ ಹುಟ್ಟುವ ಊರಿನಲ್ಲಿ, ಅರ್ಧ ಗಂಟೆ ಮೊದಲೇ ಹತ್ತಿ ಕೂರುವವರು ಬರೆದಂಥವು. ನಡುದಾರಿಯ ಊರಿನವರ ಲೆಕ್ಕವೇ ಬೇರೆ. ಟಿಕೆಟಿನ ಕೋಟಾ, ಪ್ಲಾಟ್‌ಫಾರಂ ಮೇಲೆ ನಿಲ್ಲುವ ಜಾಗ, ಟಿಕೆಟ್ ಮೇಲಿನ ತಾರೀಖು, ಊಟ, ಎಲ್ಲವೂ ಆ ಎರಡು ನಿಮಿಷದ ಸುತ್ತಲೇ ತಿರುಗುತ್ತವೆ.

ಮೊದಲು ವಂದೇ ಭಾರತ್. ಧಾರವಾಡದ್ದು 2023ರ ಜೂನ್ 27ರಂದು ಶುರುವಾಯಿತು, ಬೆಳಗಾವಿಯದು 2025ರ ಆಗಸ್ಟ್ 10ರಂದು. ಎರಡೂ ವಾರಕ್ಕೆ ಆರು ದಿನ ಮಾತ್ರ ಓಡುತ್ತವೆ, ರಜೆ ಯಾವ ದಿನ ಎಂದು ಬುಕ್ ಮಾಡುವಾಗಲೇ ನೋಡಿಕೊಳ್ಳಬೇಕು. ಧಾರವಾಡದ ಗಾಡಿ ಬೆಂಗಳೂರನ್ನು ನಸುಕಿನಲ್ಲಿ ಬಿಟ್ಟು ಒಂಬತ್ತರ ಸುಮಾರಿಗೆ ದಾವಣಗೆರೆಯಲ್ಲಿರುತ್ತದೆ. ಮರಳುವಾಗ ಮಧ್ಯಾಹ್ನ ಮೂರೂವರೆ ದಾಟಿ ದಾವಣಗೆರೆಗೆ ಬಂದು ಸಂಜೆ ಬೆಂಗಳೂರು ಸೇರುತ್ತದೆ. ಬೆಂಗಳೂರಿನವರು ದಾವಣಗೆರೆಗೆ ಬಂದು ಕೆಲಸ ಮುಗಿಸಿ ಅಂದೇ ಮರಳುವುದಕ್ಕೆ ಹೇಳಿ ಮಾಡಿಸಿದ ಗಾಡಿ ಇದು. ದಾವಣಗೆರೆಯವರಿಗೆ ತಿರುಗುಮುರುಗು. ಬೆಳಗಾವಿಯದು ನಸುಕಿನಲ್ಲೇ ಅಲ್ಲಿಂದ ಹೊರಟು ಒಂಬತ್ತೂವರೆ ಸುಮಾರಿಗೆ ಇಲ್ಲಿಗೆ ಬರುತ್ತದೆ, ಆದರೆ ಬೆಂಗಳೂರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಸಿದ್ಧಗಂಗಾ ಇಂಟರ್‌ಸಿಟಿಯೂ ಅಷ್ಟೇ, ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಇಳಿಸುತ್ತದೆ. ಹೈಕೋರ್ಟಿನ ಕೇಸು, ಆಸ್ಪತ್ರೆಯ ಅಪಾಯಿಂಟ್‌ಮೆಂಟು, ಹತ್ತು ಗಂಟೆಯ ಸಂದರ್ಶನ ಇರುವವರಿಗೆ ಹಗಲು ಗಾಡಿ ಯಾವುದೂ ಆಗಿಬರುವುದಿಲ್ಲ.

ವೇಳಾಪಟ್ಟಿಯನ್ನು ಸ್ವಲ್ಪ ಕಣ್ಣಗಲಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಬೆಂಗಳೂರಿನಿಂದ ದಾವಣಗೆರೆಗೆ ಮೂರೂವರೆ ಗಂಟೆಯಲ್ಲಿ ಬರುವ ವಂದೇ ಭಾರತ್, ಅದೇ ಹಳಿಯ ಮೇಲೆ ವಾಪಸು ಹೋಗಲು ನಾಲ್ಕು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಆ ಹೆಚ್ಚಿನ ಹೊತ್ತು ಸೇರಿರುವುದು ಕೊನೆಯಲ್ಲಿ. ಹೊರಡುವಾಗ ಮೆಜೆಸ್ಟಿಕ್‌ನಿಂದ ಯಶವಂತಪುರಕ್ಕೆ ಹತ್ತು ನಿಮಿಷ ಸಾಕು. ಬರುವಾಗ ಅದೇ ತುಂಡಿಗೆ ಪಟ್ಟಿಯಲ್ಲಿ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಟ್ಟಿರುತ್ತಾರೆ. ದಾರಿಯಲ್ಲಿ ತಡವಾದರೆ ಸರಿದೂಗಿಸಿಕೊಳ್ಳಲು, ಮುಖ್ಯ ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಖಾಲಿಯಾಗುವವರೆಗೆ ಕಾಯಲು ಬಿಟ್ಟ ಜಾಗ ಅದು. ಗಾಡಿ ದಾರಿಯಲ್ಲಿ ಇಪ್ಪತ್ತು ನಿಮಿಷ ಕಳೆದುಕೊಂಡರೂ ಕೊನೆಗೆ ಸರಿಯಾದ ಸಮಯಕ್ಕೆ ಬಂತು ಎಂದೇ ದಾಖಲಾಗುತ್ತದೆ. ಆದ್ದರಿಂದ ಹಗಲು ಗಾಡಿಯಲ್ಲಿ ಹೋಗುವವರು ಯಶವಂತಪುರದಲ್ಲೇ ಇಳಿಯುವುದು ಜಾಣತನ. ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ ಇದೆ. ಮೆಜೆಸ್ಟಿಕ್‌ಗೇ ಹೋಗಬೇಕಿದ್ದರೂ ಅದೇ ಮುಂಚೆ ಮುಟ್ಟಿಸುವುದುಂಟು.

ಗಾಡಿಯೊಳಗೆ ಹೇಗೆ? ಚೇರ್ ಕಾರ್‌ನಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು. ಎಕ್ಸಿಕ್ಯುಟಿವ್‌ನಲ್ಲಿ ಎರಡು-ಎರಡು, ಸೀಟನ್ನು ಗಾಡಿ ಹೋಗುವ ದಿಕ್ಕಿಗೆ ತಿರುಗಿಸಿಕೊಳ್ಳಬಹುದು. ಚೇರ್ ಕಾರ್ ಸೀಟು ತಿರುಗುವುದಿಲ್ಲ, ಹಾಗಾಗಿ ಅರ್ಧ ಬೋಗಿ ಬೆನ್ನು ಮುಂದೆ ಮಾಡಿ ಕೂತಿರುತ್ತದೆ. ತಲೆಸುತ್ತು ಬರುವವರು ಇದನ್ನು ತಿಳಿದಿರಬೇಕು, ಏಕೆಂದರೆ ಬುಕ್ ಮಾಡುವಾಗ ದಿಕ್ಕು ಆರಿಸುವ ದಾರಿ ಇಲ್ಲ. ಸೀಟಿನ ಬೆನ್ನು ಬಾಗುವುದು ಸ್ವಲ್ಪವೇ. ಎ.ಸಿ. ಜೋರು, ಮುದುಕರಿಗೆ ಶಾಲು ಬೇಕೇ ಬೇಕು. ಈ ಗಾಡಿ ಗಂಟೆಗೆ 180 ಕಿ.ಮೀ. ವೇಗ ತಾಳುವಂತೆ ಕಟ್ಟಿದ್ದು ನಿಜ, ಆದರೆ ನಮ್ಮ ಹಳಿಯ ಮೇಲೆ ಅದು ತಲುಪುವ ಸರಾಸರಿ ಅದರ ಅರ್ಧದ ಆಸುಪಾಸು.

ಬಾಗಿಲಿನ ವಿಷಯಕ್ಕೆ ಬಂದರೆ ವಂದೇ ಭಾರತ್ ನಮ್ಮ ಹಳೇ ಅಭ್ಯಾಸಗಳನ್ನು ಕ್ಷಮಿಸುವುದಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಮುಚ್ಚಿದ ಮೇಲೆ ಪ್ರಯಾಣಿಕರು ತೆರೆಯಲಾಗದು, ಓಡಿ ಹಿಡಿಕೆ ಹಿಡಿಯುವ ಮಾತೇ ಇಲ್ಲ. ಅಜ್ಜಿಯನ್ನು ಸೀಟಿನವರೆಗೆ ಬಿಟ್ಟು, ಬ್ಯಾಗು ಮೇಲಿಟ್ಟು, ‘ನೀರು ಕುಡೀತಾ ಇರು’ ಎಂದು ಹೇಳಿ ಇಳಿಯುತ್ತೇನೆ ಅಂದುಕೊಂಡ ಮೊಮ್ಮಗ ಮುಂದಿನ ನಿಲುಗಡೆಯವರೆಗೂ ಪುಕ್ಕಟೆಯಾಗಿ, ಅಲ್ಲ, ದಂಡ ಕಟ್ಟಿ ಹೋಗಬೇಕಾಗುತ್ತದೆ. ಬಿಡಲು ಬಂದವರು ಕೆಳಗೇ ನಿಂತು ಬ್ಯಾಗನ್ನು ಬಾಗಿಲಲ್ಲಿ ಕೊಡುವುದು ಸರಿ. ಒಳಗೆ ಎತ್ತಿಡಲು ಸಿಬ್ಬಂದಿಯೋ ಪಕ್ಕದ ಸೀಟಿನವರೋ ನೆರವಾಗುತ್ತಾರೆ.

ಜನಶತಾಬ್ದಿಯನ್ನು ವಂದೇ ಭಾರತ್ ಬಂದ ಮೇಲೆ ಕಡೆಗಣಿಸುವವರೇ ಹೆಚ್ಚು. ಬೆಂಗಳೂರಿನಿಂದ ಹೊರಡುವ ಹೊತ್ತೂ ಹೆಚ್ಚುಕಡಿಮೆ ಅದೇ, ಮರಳುವುದೂ ಅದೇ ಮಧ್ಯಾಹ್ನ. ದಾವಣಗೆರೆಗೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹೆಚ್ಚು ಹಿಡಿಯುತ್ತದೆ, ಆದರೆ ಅದರ ಎರಡನೇ ದರ್ಜೆ ಸೀಟಿನ ದರಕ್ಕೂ ವಂದೇ ಭಾರತ್ ಚೇರ್ ಕಾರ್ ದರಕ್ಕೂ ಹಲವು ಪಟ್ಟು ಅಂತರ. ನಾಲ್ವರ ಕುಟುಂಬಕ್ಕೆ ಆ ಒಂದು ಗಂಟೆಯ ಬೆಲೆ ಸಾವಿರಗಳಲ್ಲಿ ಬೀಳುತ್ತದೆ. ಕಿಟಕಿ ತೆರೆಯುತ್ತದೆ, ಬೀರೂರು-ಕಡೂರಿನ ಗಾಳಿ ಒಳಗೆ ಬರುತ್ತದೆ, ಜೊತೆಗೆ ಧೂಳೂ ಬರುತ್ತದೆ. ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ ಮಾತ್ರ ಎರಡನೇ ದರ್ಜೆಯ ಸಾಹಸ ಬೇಡ, ಜನಶತಾಬ್ದಿಯಲ್ಲೇ ಎ.ಸಿ. ಚೇರ್ ಕಾರ್ ಇದೆ. ಹಣಕ್ಕೆ ತಕ್ಕ ಗಾಡಿ ಯಾವುದು ಎಂದರೆ ವರ್ಷದ ಎಂಟು-ಒಂಬತ್ತು ತಿಂಗಳು ಇದೇ.

ರಾತ್ರಿ ಗಾಡಿಗಳಲ್ಲೇ ಅತಿ ಹೆಚ್ಚು ಎಡವಟ್ಟಾಗುವುದು, ಅದೂ ತಾರೀಖಿನಲ್ಲಿ. ಬೆಂಗಳೂರಿಗೆ ಹೋಗುವ ಕೆಲವು ರಾತ್ರಿ ಗಾಡಿಗಳು ದಾವಣಗೆರೆಗೆ ಬರುವುದು ಮಧ್ಯರಾತ್ರಿ ಕಳೆದ ಮೇಲೆ. ಟಿಕೆಟ್ ಮೇಲೆ 14ನೇ ತಾರೀಖು 00:40 ಎಂದಿದ್ದರೆ 13ನೇ ತಾರೀಖು ರಾತ್ರಿ ಊಟ ಮುಗಿಸಿ ಟೇಷನ್ನಿಗೆ ಹೋಗಬೇಕು. 14ರ ರಾತ್ರಿ ಹೋದರೆ ಗಾಡಿ ಹೋಗಿ ಸುಮಾರು ಇಪ್ಪತ್ನಾಲ್ಕು ಗಂಟೆಯಾಗಿರುತ್ತದೆ, ಹಣವೂ ಬರುವುದಿಲ್ಲ. ತತ್ಕಾಲ್‌ನಲ್ಲಿ ಇದು ಇನ್ನೊಂದು ಸುತ್ತು ಜಟಿಲ. ತತ್ಕಾಲ್ ತೆರೆಯುವುದು ಗಾಡಿ ತನ್ನ ಮೂಲ ಊರಿನಿಂದ ಹೊರಡುವ ದಿನದ ಹಿಂದಿನ ದಿನ, ಎ.ಸಿ. ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಗಾಡಿ 13ರ ಸಂಜೆ ಮೂಲ ಊರು ಬಿಟ್ಟು 14ರ 00:40ಕ್ಕೆ ದಾವಣಗೆರೆಗೆ ಬರುವುದಾದರೆ ತತ್ಕಾಲ್ ತೆರೆಯುವುದು 12ರಂದು. 13ರ ಬೆಳಿಗ್ಗೆ 11ಕ್ಕೆ ಸಿದ್ಧರಾಗಿ ಕೂತವರಿಗೆ ಉಳಿದಿದ್ದು ವೇಟಿಂಗ್ ಮಾತ್ರ. 60 ದಿನ ಮೊದಲು ತೆರೆಯುವ ಸಾಮಾನ್ಯ ಬುಕಿಂಗಿಗೂ ಇದೇ ಲೆಕ್ಕ. ಆ ಅವಧಿ 2024ರ ನವೆಂಬರ್ 1ಕ್ಕೆ ಮೊದಲು 120 ದಿನ ಇತ್ತು, ಹಳೇ ನೆನಪಿನಲ್ಲಿ ನಾಲ್ಕು ತಿಂಗಳ ಹಿಂದೆಯೇ ಹುಡುಕುವವರು ಈಗಲೂ ಇದ್ದಾರೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಅದನ್ನು ಬುಕ್ ಮಾಡುವ ಬೆಳಿಗ್ಗೆ ಮಾಡಲು ಹೋಗಬೇಡಿ. ಓಟಿಪಿ ಬರುವಷ್ಟರಲ್ಲಿ ಸೀಟು ಮುಗಿದಿರುತ್ತದೆ.

ಇನ್ನು ಕೋಟಾ. ಒಂದೇ ಗಾಡಿ, ಒಂದೇ ದಿನ, ಹುಬ್ಬಳ್ಳಿಯಿಂದ ಹುಡುಕಿದರೆ ‘ಲಭ್ಯ’, ದಾವಣಗೆರೆಯಿಂದ ಹುಡುಕಿದರೆ ವೇಟಿಂಗ್ 18. ಇದು ವೆಬ್‌ಸೈಟಿನ ತಪ್ಪಲ್ಲ. ಗಾಡಿ ಹುಟ್ಟುವ ಊರಿನಿಂದ ಕೊನೆಯವರೆಗೆ ಹೋಗುವವರಿಗೆ ದೊಡ್ಡ ಪಾಲು ಬರ್ತು ಇಟ್ಟಿರುತ್ತಾರೆ, ಅವರ ವೇಟಿಂಗ್ ಪಟ್ಟಿಗೆ ಜಿಎನ್‌ಡಬ್ಲ್ಯುಎಲ್ ಎನ್ನುತ್ತಾರೆ. ನಡುವಿನ ಊರುಗಳಿಗೆ ಸಣ್ಣ ಪಾಲು, ಅದು ಆ ಊರಿನದ್ದೇ ಆದರೆ ಆರ್‌ಎಲ್‌ಡಬ್ಲ್ಯುಎಲ್, ಹಲವು ಊರುಗಳು ಹಂಚಿಕೊಳ್ಳುವುದಾದರೆ ಪಿಕ್ಯುಡಬ್ಲ್ಯುಎಲ್. ಸಣ್ಣ ಪಾಲಿನಲ್ಲಿ ರದ್ದಾಗುವುದೂ ಸಣ್ಣದೇ. ಜಿಎನ್‌ಡಬ್ಲ್ಯುಎಲ್ 30 ಕನ್ಫರ್ಮ್ ಆಗುವ ದಿನವೇ ಪಿಕ್ಯುಡಬ್ಲ್ಯುಎಲ್ 6 ಹಾಗೇ ಉಳಿಯುವುದುಂಟು. ಸಂಖ್ಯೆಗಿಂತ ಮುಂದಿನ ಅಕ್ಷರ ನೋಡಿ ಲೆಕ್ಕ ಹಾಕಬೇಕು. ಹಬ್ಬದ ದಿನಗಳಲ್ಲಿ ಬಲ್ಲವರು ಮೂಲ ಊರಿನಿಂದಲೇ ಟಿಕೆಟ್ ತೆಗೆದು ಹತ್ತುವ ನಿಲ್ದಾಣ ದಾವಣಗೆರೆ ಎಂದು ನಮೂದಿಸುತ್ತಾರೆ. ದರ ಸ್ವಲ್ಪ ಹೆಚ್ಚು, ಕಾನೂನಿನ ತೊಡಕು ಏನೂ ಇಲ್ಲ. ನಮೂದಿಸುವುದನ್ನು ಮರೆತರೆ ಮಾತ್ರ ಕೆಟ್ಟಿತು. ಮೂಲ ಊರಿನಲ್ಲಿ ಹತ್ತಲಿಲ್ಲ ಎಂದು ಟಿಸಿ ಕೈಯಲ್ಲಿರುವ ಯಂತ್ರದಲ್ಲಿ ಗುರುತು ಹಾಕಿದರೆ ಬರ್ತು, ಅರ್ಧ ಬರ್ತಿನಲ್ಲಿ ಕೂತು ಕಾಯುವ ಆರ್‌ಎಸಿಯವರಿಗೆ ಹೋಗುತ್ತದೆ, ದಾವಣಗೆರೆಯಲ್ಲಿ ಹತ್ತಿ ವಾದ ಮಾಡಿ ಫಲವಿಲ್ಲ. ಬದಲಿಸುವುದಿದ್ದರೆ ಗಾಡಿ ಹೊರಡುವುದಕ್ಕೆ ಒಂದು ದಿನ ಮೊದಲೇ ಬದಲಿಸಿಬಿಡಿ, ಬದಲಿಸಿದ ಮೇಲೆ ಹಳೇ ಊರಿನಿಂದ ಹತ್ತುವ ಹಕ್ಕು ಹೋಗುತ್ತದೆ ಎನ್ನುವುದೂ ನೆನಪಿರಲಿ.

ಜರ್ಮನಿಯಲ್ಲಿ ಮಕ್ಕಳಿರುವ ಮನೆಗಳು ದಾವಣಗೆರೆಯಲ್ಲಿ ಈಗ ಅಪರೂಪವಲ್ಲ. ಅಲ್ಲಿಗೆ ಹೋಗುವ ಹಿರಿಯರು ಎಡವುವುದು ಇದೇ ವಿಷಯದಲ್ಲಿ, ಆದರೆ ತಲೆಕೆಳಗಾಗಿ. ಅಲ್ಲಿ ನಡುವಿನ ಊರಿಗೆ ಪ್ರತ್ಯೇಕ ಕೋಟಾ, ವೇಟಿಂಗ್ ಪಟ್ಟಿ ಎಂಬುದೇ ಇಲ್ಲ. ಐಸಿಇ ಎಂಬ ವೇಗದ ಗಾಡಿಗೆ ಟಿಕೆಟ್ ಬೇರೆ, ಸೀಟು ಬೇರೆ; ಎರಡನೇ ದರ್ಜೆಯಲ್ಲಿ ಸೀಟಿಗೆ ಇನ್ನಷ್ಟು ಯುರೊ ಕೊಟ್ಟು ಕಾದಿರಿಸಬೇಕು. ಟಿಕೆಟ್ ಇದೆಯಲ್ಲ ಎಂದು ಹತ್ತಿದವರು ಶುಕ್ರವಾರ ಸಂಜೆ ಮೂರು ಗಂಟೆ ನಿಂತೇ ಹೋಗುತ್ತಾರೆ. ಸೀಟಿನ ಮೇಲಿನ ಪುಟ್ಟ ಪರದೆಯಲ್ಲಿ ಎರಡು ಊರಿನ ಹೆಸರಿದ್ದರೆ ಅವುಗಳ ನಡುವೆ ಮಾತ್ರ ಅದು ಕಾದಿರಿಸಿದ ಸೀಟು, ಉಳಿದ ದೂರಕ್ಕೆ ಯಾರೂ ಕೂರಬಹುದು. ಅಗ್ಗದ ಟಿಕೆಟ್ ನಿರ್ದಿಷ್ಟ ಗಾಡಿಗೆ ಕಟ್ಟಿಹಾಕಿದ್ದು, ಒಂದು ಗಂಟೆ ಮೊದಲಿನ ಗಾಡಿ ಬಂತೆಂದು ಹತ್ತಿದರೆ ಟಿಕೆಟ್ ಇಲ್ಲದವರ ಸಾಲಿಗೆ ಸೇರುತ್ತೀರಿ. ಗಾಡಿ ತಡವಾಗಿ, ಸೇರಬೇಕಾದ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗಿ ಮುಟ್ಟುವುದು ಖಚಿತವಾದರೆ ಮಾತ್ರ ಆ ಕಟ್ಟು ಸಡಿಲವಾಗುತ್ತದೆ, ಆಗ ಬೇರೆ ಗಾಡಿ ಹತ್ತಬಹುದು. ತಡವಾಗುವುದು ಅಲ್ಲೂ ಮಾಮೂಲಿ. 2024ರಲ್ಲಿ ಜರ್ಮನಿಯ ದೂರದ ಗಾಡಿಗಳಲ್ಲಿ ಸಮಯಕ್ಕೆ ಸರಿಯಾಗಿ ಬಂದದ್ದು ಶೇ. 62.5 ಮಾತ್ರ, ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವನ್ನು ತಡವೆಂದೇ ಎಣಿಸದೆ.

ತಿಂಗಳ ಪಾಸಿನ ಬಗ್ಗೆ ಒಂದು ಮಾತು. ಜರ್ಮನಿ ಟಿಕೆಟ್ ಎಂಬ ಪಾಸು 2023ರ ಮೇನಲ್ಲಿ 49 ಯುರೊಗೆ ಬಂತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಅದು ಊರ ಬಸ್ಸು, ಮೆಟ್ರೊ, ಪ್ರಾದೇಶಿಕ ಗಾಡಿಗಳಿಗೆ ಮಾತ್ರ, ಐಸಿಇಗೆ ನಡೆಯುವುದಿಲ್ಲ. ಅದು ಚಂದಾ ಪದ್ಧತಿ, ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತ. ಮೂರು ವಾರ ಇದ್ದು ದಾವಣಗೆರೆಗೆ ಮರಳಿದ ಮೇಲೂ ಮಗನ ಖಾತೆಯಿಂದ ಹಣ ಹೋಗುವುದು ಹೀಗೆ.

ಪ್ಲಾಟ್‌ಫಾರಂಗೆ ಬರೋಣ. 22 ಬೋಗಿಯ, ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಗಾಡಿ ಅರ್ಧ ಕಿಲೋಮೀಟರಿಗಿಂತ ಉದ್ದ, ಒಂದೊಂದು ಬೋಗಿ ಸುಮಾರು 24 ಮೀಟರ್. ಬ್ಯಾಗು ಹೊತ್ತು ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಆರೇಳು ನಿಮಿಷ ಬೇಕು, ನಿಲ್ಲುವುದು ಎರಡೇ. ಆದ್ದರಿಂದ ಗಾಡಿ ಬರುವ ಮೊದಲೇ ಬೋಗಿ ಸಂಖ್ಯೆಯ ಬೋರ್ಡಿನ ಕೆಳಗೆ ನಿಂತಿರಬೇಕು. ಕೊನೇ ಗಳಿಗೆಯಲ್ಲಿ ಬೋರ್ಡು ಬದಲಾದರೆ, ಇಲ್ಲವೇ ಬೋಗಿಗಳು ತಿರುಗುಮುರುಗಾಗಿ ಬಂದರೆ, ಓಡಬೇಡಿ. ಎದುರಿಗೆ ನಿಂತ ಕಾದಿರಿಸಿದ ಬೋಗಿ ಯಾವುದಾದರೂ ಸರಿ, ಹತ್ತಿ ಒಳಗಿಂದಲೇ ನಡೆಯಿರಿ. ಜನರಲ್ ಬೋಗಿಗೆ ಮಾತ್ರ ಹತ್ತಬೇಡಿ. ಅಲ್ಲಿಂದ ಸ್ಲೀಪರಿಗೆ ದಾಟುವ ದಾರಿ ಹಲವು ಗಾಡಿಗಳಲ್ಲಿ ಮುಚ್ಚಿರುತ್ತದೆ, ದಾರಿ ಇದ್ದರೂ ಜನ ಬಿಡುವುದಿಲ್ಲ.

ಸ್ಲೀಪರ್ ಮತ್ತು ಎ.ಸಿ. ಮೂರು ಹಂತದ ಬೋಗಿಯಲ್ಲಿ ಬರ್ತಿನ ಸಂಖ್ಯೆಯನ್ನು ಎಂಟರಿಂದ ಭಾಗಿಸಿ. ಶೇಷ 1 ಅಥವಾ 4 ಆದರೆ ಕೆಳಗಿನದು, 2 ಅಥವಾ 5 ನಡುವಿನದು, 3 ಅಥವಾ 6 ಮೇಲಿನದು, 7 ಸೈಡ್ ಲೋಯರ್, ಶೇಷ ಇಲ್ಲದಿದ್ದರೆ ಸೈಡ್ ಅಪ್ಪರ್. ಮಧ್ಯರಾತ್ರಿ ಹತ್ತುವ ದಾವಣಗೆರೆಯವರಿಗೆ ಮೇಲಿನ ಬರ್ತೇ ಲೇಸು. ಕೆಳಗಿನ ಬರ್ತಿನಲ್ಲಿ ಆಗಲೇ ಯಾರೋ ಮಲಗಿ ಗೊರಕೆ ಹೊಡೆಯುತ್ತಿರುತ್ತಾರೆ, ಎಬ್ಬಿಸುವ ಹೊಣೆ ನಿಮ್ಮದಾಗುತ್ತದೆ. ಸ್ಲೀಪರಿನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಬಂದ್ ಮಾಡುವ ನಿಯಮವಿದೆ, ಹಾಗಾಗಿ ಮೊಬೈಲ್ ಟಿಕೆಟ್ ಇರುವವರು ಮನೆಯಲ್ಲೇ ತುಂಬಿಸಿಕೊಂಡು ಬರಬೇಕು. ಬೆಂಗಳೂರಿನಿಂದ ಮರಳುವಾಗ ಗಾಡಿ ದಾವಣಗೆರೆಗೆ ಬರುವುದು ಗಾಢ ನಿದ್ದೆಯ ಹೊತ್ತಿನಲ್ಲಿ. ಅಲಾರಂ ಇಡುವುದಕ್ಕೆ ಮೊದಲು ರೈಲ್ವೆಯ ಆ್ಯಪ್ ಆದ ಎನ್‌ಟಿಇಎಸ್‌ನಲ್ಲಿ ಗಾಡಿ ಎಲ್ಲಿದೆ ನೋಡಿ, ಚಿಕ್ಕಜಾಜೂರು ದಾಟಿದ ಮೇಲೆ ಮಲಗಲೇಬಾರದು. ಹರಿಹರದಲ್ಲಿ ಎಚ್ಚರವಾದವರ ಪಟ್ಟಿ ಉದ್ದವಿದೆ.

ಜಪಾನಿನಲ್ಲೂ ನಿಲುಗಡೆ ಒಂದೆರಡು ನಿಮಿಷವೇ. ಆದರೆ ಪ್ಲಾಟ್‌ಫಾರಂ ಮೇಲೆ ಪ್ರತಿ ಬೋಗಿಯ ಬಾಗಿಲಿಗೂ ಗೆರೆ ಎಳೆದಿರುತ್ತಾರೆ, ಗಾಡಿ ಗೆರೆಗೇ ಬಂದು ನಿಲ್ಲುತ್ತದೆ, ಹಾಗಾಗಿ ಅದು ಸಾಕಾಗುತ್ತದೆ. ನಡುವಿನ ಊರಿನವರ ಪಾಡು ಅಲ್ಲೂ ನಮ್ಮದೇ. 1964ರಲ್ಲಿ ಶುರುವಾದ ಟೋಕಿಯೊ–ಒಸಾಕಾ ಶಿಂಕಾನ್‌ಸೆನ್‌ನ 515 ಕಿ.ಮೀ. ದೂರವನ್ನು ನೊಝೊಮಿ ಎಂಬ ಅತಿ ವೇಗದ ಬುಲೆಟ್ ಗಾಡಿ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ. ಎಲ್ಲ ಕಡೆ ನಿಲ್ಲುವ ಕೊದಾಮಾ ಸಣ್ಣ ಊರುಗಳಲ್ಲಿ ಪಕ್ಕಕ್ಕೆ ಸರಿದು ನೊಝೊಮಿಗೆ ದಾರಿ ಬಿಡುತ್ತದೆ. ಹೊಸದುರ್ಗ ರೋಡ್, ಅಜ್ಜಂಪುರದಲ್ಲಿ ಕ್ರಾಸಿಂಗಿಗೆ ಕಾದ ಪ್ಯಾಸೆಂಜರ್ ಗಾಡಿಯವರಿಗೆ ಇದು ಹೊಸದೇನಲ್ಲ. ಪ್ರವಾಸಿಗರ ಏಳು ದಿನದ ರೈಲು ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊ ನೋಡಿ ಮರಳುವುದಷ್ಟೇ ಇದ್ದರೆ ಬಿಡಿ ಟಿಕೆಟ್ಟೇ ಅಗ್ಗ, ಟ್ರಾವೆಲ್ಸ್‌ನವರು ಏನೇ ಹೇಳಲಿ. ನಮ್ಮ ದೊಡ್ಡ ಸೂಟ್‌ಕೇಸಿನ ಉದ್ದ, ಅಗಲ, ದಪ್ಪ ಕೂಡಿಸಿ 160 ಸೆಂ.ಮೀ. ದಾಟಿದರೆ ಹಿಂದೆ ಜಾಗವಿರುವ ಸೀಟನ್ನೇ ಮೊದಲು ಕಾದಿರಿಸಬೇಕು. ಅದಕ್ಕೆ ಹೆಚ್ಚಿನ ದುಡ್ಡಿಲ್ಲ. ಕಾದಿರಿಸದೆ ತಂದರೆ 1,000 ಯೆನ್. ಮನೆಯಲ್ಲೇ ಟೇಪು ಹಿಡಿಯಿರಿ, ಚಕ್ರ ಮತ್ತು ಹಿಡಿಕೆ ಸೇರಿಸಿ.

ಪರಿಹಾರದಲ್ಲಿ ನಮ್ಮ ರೈಲು ಹಿಂದೆ ಬಿದ್ದಿದೆ ಎಂದು ಸಂಕೋಚವಿಲ್ಲದೆ ಹೇಳಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ ಒಂದು ಗಂಟೆ ತಡವಾಗಿ ಮುಟ್ಟಿದರೆ ದರದ ಶೇ. 25, ಎರಡು ಗಂಟೆಯಾದರೆ ಶೇ. 50 ವಾಪಸು, ಪ್ರಯಾಣ ಮುಗಿಸಿದ ಮೇಲೂ ಕೇಳಬಹುದು. ಜಪಾನಿನಲ್ಲಿ ಎರಡು ಗಂಟೆ ಮೀರಿದರೆ ವೇಗದ ಗಾಡಿಗೆಂದು ಕೊಟ್ಟ ಹೆಚ್ಚುವರಿ ಶುಲ್ಕ ಮರಳುತ್ತದೆ. ನಮ್ಮಲ್ಲಿ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹತ್ತದೇ ಇದ್ದರೆ ಪೂರ್ತಿ ಹಣ ಬರುತ್ತದೆ. ಹತ್ತಿದಿರೋ ಹಕ್ಕು ಹೋಯಿತು. ಹಣ ವಾಪಸು ಪಡೆಯಲು ಟಿಡಿಆರ್ ಎಂಬ ಅರ್ಜಿ ಹಾಕಬೇಕು, ಅದೂ ಗಾಡಿ ನಿಮ್ಮ ನಿಲ್ದಾಣದಿಂದ ನಿಜವಾಗಿ ಹೊರಡುವ ಮೊದಲೇ. ದಾವಣಗೆರೆಯಲ್ಲಿ ರಾತ್ರಿ ಎರಡಕ್ಕೆ, ನಿದ್ದೆಗಣ್ಣಿನಲ್ಲಿ, ಫೋನಿನಲ್ಲಿ ಟಿಡಿಆರ್‌ನ ಕಾರಣಗಳ ಪಟ್ಟಿ ಓದುವುದು ಸಲೀಸಲ್ಲ. ಮೂರು ಗಂಟೆ ದಾಟಿದ್ದು ಖಚಿತವಾದ ಕೂಡಲೇ ಹಾಕಿಬಿಡುವುದು ಒಳ್ಳೆಯದು.

ಊಟ. ವಂದೇ ಭಾರತ್‌ನಲ್ಲಿ ಬುಕ್ ಮಾಡುವಾಗಲೇ ‘ಆಹಾರ ಬೇಡ’ ಎಂದು ಆರಿಸಿದರೆ ದರ ಇಳಿಯುತ್ತದೆ. ದಾವಣಗೆರೆಯವರಿಗೆ ಅದೇ ಸರಿ. ಬೆಣ್ಣೆದೋಸೆಯನ್ನು ಮಾತ್ರ ಕಟ್ಟಿಸಿಕೊಳ್ಳಬೇಡಿ. ಗರಿಗರಿ ಇರುವುದು ಹಂಚಿನಿಂದ ತಟ್ಟೆಗೆ ಬಂದ ಕೆಲವು ನಿಮಿಷ. ಕಟ್ಟಿದರೆ ತನ್ನದೇ ಹಬೆಗೆ ತೊಯ್ದು ಚರ್ಮದಂತಾಗುತ್ತದೆ, ತೆಂಗಿನಕಾಯಿ ಚಟ್ನಿ ಬಿಸಿಲಿಗೆ ಹುಳಿಯುತ್ತದೆ. ತಿಂದು ಹತ್ತುವುದು ಲೇಸು. ಜೊತೆಗೆ ಒಯ್ಯಲು ಖಾರ ಮಂಡಕ್ಕಿಯಷ್ಟು ಹಗುರವಾದದ್ದು, ಕೆಡದಿರುವುದು ಇನ್ನೊಂದಿಲ್ಲ. ಮಿರ್ಚಿಯನ್ನು ಬೇರೆ ಕಾಗದದಲ್ಲಿ ಕಟ್ಟಿಸಿ, ಇಲ್ಲದಿದ್ದರೆ ಮಂಡಕ್ಕಿ ಮೆತ್ತಗಾಗುತ್ತದೆ. ಒಂದು ಲೀಟರ್ ರೈಲ್ ನೀರ್ ಬೆಲೆ 2025ರ ಸೆಪ್ಟೆಂಬರಿನಿಂದ 14 ರೂಪಾಯಿ; 20 ಕೇಳಿದರೆ ರೈಲ್ವೆ ಸಹಾಯವಾಣಿ 139ಕ್ಕೆ ದೂರು ಕೊಡಬಹುದು.

ಚಿತ್ರದುರ್ಗದವರಿಗೆ ಈ ವಿಮರ್ಶೆಯ ಮುಕ್ಕಾಲು ಪಾಲು ಅನ್ವಯವಾಗುವುದಿಲ್ಲ, ಅದೇ ಅವರ ದೂರು. ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ.; ರೈಲಿನಲ್ಲಿ ಮೊದಲು ಚಿಕ್ಕಜಾಜೂರಿಗೆ ಹೋಗಿ, ಬೀರೂರು, ಅರಸೀಕೆರೆ, ತುಮಕೂರು ಸುತ್ತಿ 300 ದಾಟುತ್ತದೆ. ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸುವುದಾದರೆ ನಡುವೆ ಒಂದು ಗಂಟೆಯಾದರೂ ಬಿಡಿ. ಎರಡೂ ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದಾಗ ಹಣ ಸಿಗುವುದಿಲ್ಲ. ಚಳ್ಳಕೆರೆ, ರಾಯದುರ್ಗ, ಬಳ್ಳಾರಿ ಕಡೆಗೆ ಮಾತ್ರ ದುರ್ಗದ ರೈಲು ನೆಟ್ಟಗಿನ ದಾರಿ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರುವ 191 ಕಿ.ಮೀ. ಹೊಸ ಮಾರ್ಗಕ್ಕೆ 2011-12ರಲ್ಲೇ ಮಂಜೂರಾತಿ ಸಿಕ್ಕಿದೆ. ಅದು ಪೂರ್ತಿಯಾದ ದಿನ ದಾವಣಗೆರೆಯವರಿಗೂ 60 ಕಿ.ಮೀ.ಗಿಂತ ಹೆಚ್ಚು ಉಳಿತಾಯ. ಅಲ್ಲಿಯವರೆಗೆ ದುರ್ಗದಿಂದ ಬೆಂಗಳೂರಿಗೆ ಸರ್ಕಾರಿ ಬಸ್ಸೇ ಗಟ್ಟಿ.